ಅತ್ತಿಗೆ ಮುಟ್ಟದ ರೊಟ್ಟಿ

ನಮ್ಮ ಅತ್ತಿಗೆಗೆ ನಂಬಿಕೆ ಹೊರಟುಹೋಗಿದೆ ಎಂದು ಚರ್ಚಿನ ಸಭೆಯಲ್ಲಿ ಮಾತಾಡಿಕೊಳ್ಳುತ್ತಿದ್ದರು. ಆ ಬಾಯಿಗಳಿಗೆ ಬೀಗ ಜಡಿಯಬೇಕು. ಭಾನುವಾರ ಎಲ್ಲರಿಗಿಂತ ಮೊದಲು ಬಂದು ಬೆಂಚು ಒರೆಸುತ್ತಿದ್ದವಳು ಅವಳು. ಯೇಸುವಿನ ನೆನಪಿಗೆ ಎಲ್ಲರೂ ಹಂಚಿ ತಿನ್ನುವ ಕರ್ತನ ಭೋಜನದ ರೊಟ್ಟಿಯನ್ನು ಹಿಂದಿನ ದಿನ ಬೇಯಿಸಿ ತರುತ್ತಿದ್ದವಳೂ ಅವಳೇ. ಆದರೆ ಅದರಲ್ಲಿ ಒಂದು ಚೂರನ್ನೂ ಅವಳು ಮುಟ್ಟುತ್ತಿರಲಿಲ್ಲ. ತಟ್ಟೆ ಮುಂದೆ ಬಂದಾಗ ಬೇಡವೆಂದು ತಲೆಯಾಡಿಸುತ್ತಿದ್ದಳು. ಯಾಕೆಂದು ಎಲ್ಲರಿಗೂ ಗೊತ್ತು. ತಟ್ಟೆ ಹಿಡಿದು ಬರುತ್ತಿದ್ದವನು ಬೇಕರಿ ಯಜಮಾನ, ನಮ್ಮ ಸಭೆಯ ಹಿರಿಯ.

ನನ್ನ ಅಣ್ಣ ತೀರಿಕೊಂಡ ಮೇಲೆ ಅತ್ತಿಗೆ ಆ ಬೇಕರಿಯಲ್ಲೇ ಓವನ್ ಮುಂದೆ ನಿಂತು ಮಗಳನ್ನು ಬೆಳೆಸಿದಳು. ಮೊಣಕೈವರೆಗೂ ಸುಟ್ಟ ಕಲೆಗಳು. ಮಗಳು ದೊಡ್ಡವಳಾಗಿ ಅಲ್ಲೇ ಹಿಟ್ಟು ನಾದುವ ಯಂತ್ರದ ಕೆಲಸಕ್ಕೆ ಸೇರಿದಳು. ಯಂತ್ರದ ಬಾಯಿಗೆ ಕಬ್ಬಿಣದ ಜಾಲರಿಯಿತ್ತು. ಜಾಲರಿ ಎತ್ತಿದರೆ ಯಂತ್ರ ತಾನಾಗಿ ನಿಲ್ಲುತ್ತದೆ, ನಿಂತರೆ ಕೆಲಸ ಹಿಂದೆ ಬೀಳುತ್ತದೆ. ಯಜಮಾನನಿಗೆ ಅಷ್ಟಕ್ಕೂ ತಾಳ್ಮೆಯಿಲ್ಲ. ಜಾಲರಿಯನ್ನೇ ಕಳಚಿಸಿ, ಅದಿಲ್ಲದೆಯೂ ಯಂತ್ರ ಓಡುವಂತೆ ಮಾಡಿಸಿದ. ಅದೇ ವಾರ ಹುಡುಗಿಯ ಬಲಗೈ ಒಳಗೆ ಸಿಕ್ಕಿಕೊಂಡಿತು. ಹೆಬ್ಬೆರಳೊಂದೇ ಉಳಿಯಿತು.

ಹಣ್ಣು ಹಿಡಿದುಕೊಂಡು ಆಸ್ಪತ್ರೆಗೆ ಬಂದ ಮಹಾನುಭಾವ, ಹೊರಗೆ ಹೋಗಿ ಏನು ಹೇಳಿದ ಗೊತ್ತೇ? "ಪಾಪ, ಹುಡುಗಿ ತೂಕಡಿಸ್ತಿದ್ಲು. ಜಾಲರಿ ಅವಳೇ ತೆಗೆದಿಟ್ಟಿದ್ಲು." ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ! ಎಡಗೈಯಲ್ಲೇ ಎಷ್ಟೋ ಕೆಲಸ ಮಾಡಬಲ್ಲ ಹುಡುಗಿಯನ್ನು ಯಾವ ಅಂಗಡಿಯವರೂ ಸೇರಿಸಲಿಲ್ಲ. ತೂಕಡಿಸುವವಳು ಎಂಬ ಹೆಸರು ಬಿದ್ದಿತ್ತಲ್ಲ.

ಪಾಸ್ಟರ್ ಮನೆಗೆ ಬಂದರು. ಮಾತು ಬೆಣ್ಣೆಯಷ್ಟು ನುಣುಪು.

"ಯಜಮಾನ್ರನ್ನ ಕ್ಷಮಿಸಿಬಿಡಿ ಅಮ್ಮಾ. ದ್ವೇಷ ಇಟ್ಕೊಂಡು ದೇವರ ಮೇಜಿಗೆ ಬರೋಕಾಗಲ್ಲ."

"ಅದಕ್ಕೇ ಬರ್ತಿಲ್ವಲ್ಲ ಅಯ್ಯಾ," ಎಂದಳು ಅತ್ತಿಗೆ. "ಅವರು ತಪ್ಪೇ ಮಾಡಿಲ್ಲ ಅಂತಾರೆ. ಇಲ್ಲದಿರೋ ತಪ್ಪನ್ನ ನಾನು ಎಲ್ಲಿಂದ ತಂದು ಕ್ಷಮಿಸ್ಲಿ?"

ಪಾಸ್ಟರ್ ಚಹಾ ಕುಡಿದು ಹೊರಟರು. ನನಗೆ ಮೈಯೆಲ್ಲ ಉರಿಯಿತು. ಈ ಉಪದೇಶವನ್ನು ಯಜಮಾನನ ಮನೆಗೆ ಹೋಗಿ ಮಾಡಲು ಇವರ ನಾಲಿಗೆಗೇನಾಗಿತ್ತು? ಕ್ಷಮೆ ಎಂಬುದು ಬಡವರ ಮೇಲೆ ಮಾತ್ರ ಹಾಕುವ ಕಂದಾಯವೇ?

"ಸಭೆನೇ ಬಿಟ್ಬಿಡು ಅತ್ತಿಗೆ," ಎಂದೆ.

"ಅವನಿಗೋಸ್ಕರ ನಾನ್ಯಾಕೆ ಬಿಡ್ಲಿ? ಅದೇನು ಅವರಪ್ಪನ ಮನೆನಾ?"

ಹಾಗೆಂದು ಅವಳೇನು ಮೇಣದ ಬತ್ತಿಯ ಹಾಗೆ ಕರಗುತ್ತಾ ಪ್ರಾರ್ಥಿಸುತ್ತಿರಲಿಲ್ಲ. ಪಾತ್ರೆ ತಿಕ್ಕುತ್ತಾ ದೇವರನ್ನೇ ತರಾಟೆಗೆ ತೆಗೆದುಕೊಳ್ಳುತ್ತಿದ್ದಳು. "ನಿನ್ನ ಮಗನ ಕೈಗೂ ಮೊಳೆ ಹೊಡೆದ್ರಲ್ಲ, ನಿಂಗೊತ್ತಾಗಲ್ವಾ? ಸುಮ್ನೆ ನೋಡ್ತಾ ಕೂತಿದ್ದೀಯಲ್ಲ!" ಬೈದು ಬೈದು, ಕೊನೆಗೆ ಕಣ್ಣೊರೆಸಿಕೊಂಡು ಆಮೆನ್ ಎನ್ನುತ್ತಿದ್ದಳು. ಹೀಗೇ ವರ್ಷಗಳು ಕಳೆದವು.

ಒಂದು ಶನಿವಾರ, ಸಾಬೂನು ಪ್ಯಾಕ್ ಮಾಡುವ ಕೆಲಸಕ್ಕೆ ಹೋದ ಹುಡುಗಿಯನ್ನು ಅಲ್ಲೂ "ತೂಕಡಿಸೋಳು ಬೇಡ" ಎಂದು ವಾಪಸು ಕಳಿಸಿದರು. ಮರುದಿನ ಅವಳು ಸಭೆಯ ಹಿಂದಿನ ಬೆಂಚಿನಲ್ಲಿ ತಲೆ ತಗ್ಗಿಸಿ ಕೂತಿದ್ದಳು. ತಟ್ಟೆ ಅತ್ತಿಗೆಯ ಮುಂದೆ ಬಂತು. ಅವಳು ತಲೆಯಾಡಿಸಲಿಲ್ಲ. ಎದ್ದು ನಿಂತು ತಟ್ಟೆಯ ಅಂಚು ಹಿಡಿದುಕೊಂಡಳು.

"ಯಜಮಾನ್ರೇ, ಜಾಲರಿ ಕಳಚಿಸಿದ್ದು ಯಾರು?"

ಹಾಡುತ್ತಿದ್ದವರ ದನಿ ಒಂದೊಂದಾಗಿ ಅಡಗಿತು.

"ಇಲ್ಲಿ ಬೇಡಮ್ಮಾ," ಎಂದು ಅವನು ತಟ್ಟೆ ಎಳೆದ.

"ಇಲ್ಲೇ ಹೇಳಿ. ಇನ್ನೆಲ್ಲಿ ಹೇಳ್ತೀರಾ?"

ಅವಳು ತಟ್ಟೆ ಬಿಡಲಿಲ್ಲ. ಅಷ್ಟರಲ್ಲಿ ಪಕ್ಕದ ಸಾಲಿನಿಂದ ಬೇಕರಿಯ ಮೆಕ್ಯಾನಿಕ್ ಎದ್ದು ನಿಂತ. ಯಜಮಾನನ ಮಾತು ಕೇಳಿ ಜಾಲರಿ ಬಿಚ್ಚಿದವನು ಅವನೇ. ಯಜಮಾನನನ್ನೇ ದಿಟ್ಟಿಸಿ ನೋಡಿದ. ಯಜಮಾನ ತಟ್ಟೆ ಎಳೆಯುವುದನ್ನು ನಿಲ್ಲಿಸಿದ.

"ನಾನೇ," ಎಂದ, ತನಗೇ ಕೇಳಿಸದ ಹಾಗೆ.

"ಜೋರಾಗಿ ಹೇಳಿ. ನನ್ನ ಮಗಳು ಹಿಂದಿನ ಬೆಂಚಲ್ಲಿದ್ದಾಳೆ."

"ನಾನೇ ಕಳಚಿಸಿದ್ದು. ಅವಳು ತೂಕಡಿಸ್ತಿರ್ಲಿಲ್ಲ."

ಅತ್ತಿಗೆ ತಟ್ಟೆಯಿಂದ ಒಂದು ಚೂರು ತೆಗೆದುಕೊಂಡಳು. ಪಾಸ್ಟರ್ ಎರಡೂ ಕೈ ಎತ್ತಿಕೊಂಡು ಓಡಿಬಂದರು. "ದೇವರಿಗೆ ಸ್ತೋತ್ರ! ಕ್ಷಮಿಸಿದ್ರಲ್ಲಾ ಅಮ್ಮಾ?"

"ಇಲ್ಲ ಅಯ್ಯಾ. ತಪ್ಪು ಈಗ ತಾನೇ ಕೈಗೆ ಸಿಕ್ಕಿದೆ. ಇನ್ನು ಶುರು ಮಾಡ್ತೀನಿ," ಎಂದಳು. ಚೂರನ್ನು ಎರಡು ಮಾಡಿಕೊಂಡು ಮಗಳಿದ್ದ ಬೆಂಚಿನ ಕಡೆ ನಡೆದಳು.