ಅಧಿಕ ಮಾಸದಲ್ಲಿ ಅತ್ತೆ ಯಾರ ಪಾಲು?

ಗೆಳತಿಯರೇ, ಅಧಿಕ ಮಾಸಕ್ಕೆ ವಾರಸುದಾರರಿಲ್ಲ ಎಂದು ಇಂದು ಸಾರವಾಡದ ನಮ್ಮ ಪಡಸಾಲೆಯಲ್ಲಿ ಗೊತ್ತಾಯಿತು.

ಹಾಸಿಗೆ ಹಿಡಿದ ಅತ್ತೆಯನ್ನು ಅವರ ಮೂವರು ಮಕ್ಕಳ ಮನೆಯವರು ಅಮಾವಾಸ್ಯೆಯಿಂದ ಅಮಾವಾಸ್ಯೆಗೆ ಪಾಳಿಯಂತೆ, ವರ್ಷಕ್ಕೆ ತಲಾ ನಾಲ್ಕು ತಿಂಗಳು ಇಟ್ಟುಕೊಳ್ಳುತ್ತೇವೆ. ಆರೈಕೆಯವಳ ಪಗಾರವೂ ಪಾಳಿಯವರದೇ. ಈ ವರ್ಷ ಒಂದು ತಿಂಗಳು ಹೆಚ್ಚಿಗೆ ಬಂದಿದೆ.

“ಅದು ಯಾರ ಪಾಳಿನೂ ಅಲ್ರಿ ವೈನಿ,” ಎಂದ ದೊಡ್ಡ ಮೈದುನ.

“ಹಂಗಾದ್ರ ಆ ತಿಂಗಳ ನಾ ಗುಡಿಕಟ್ಟಿ ಮ್ಯಾಲ ಮಲಗ್ಲೇನ್ರೋ?” ಎಂದು ಅತ್ತೆ ಒಳಗಿನಿಂದಲೇ ಕೂಗಿದರು.

“ಅಧಿಕದಾಗ ಮಾಡಿದ ಸೇವಾಕ್ಕ ಪುಣ್ಯ ಭಾಳ ಐತ್ರಪ್ಪಾ,” ಎಂದೆ ನಾನು.

ಮೈದುನರಿಬ್ಬರೂ ಕೂಡಿಯೇ ಕೈಮುಗಿದರು. “ಹಂಗಿದ್ರ ನೀವ ತಗೋರಿ ವೈನಿ, ನೀವು ದೇವರ ಮಂದಿ.”

ಆ ತಿಂಗಳೂ ಅತ್ತೆ ನಮ್ಮಲ್ಲೇ. ಪಗಾರಕ್ಕೆ ಹಿಂದೆಗೆಯುವ ನಮ್ಮ ಮೈದುನರು ಪುಣ್ಯ ಬಿಟ್ಟುಕೊಡುವುದರಲ್ಲಿ ಎಂಥ ಧಾರಾಳಿಗಳು ನೋಡಿ!