ಖಾಡಿಗೆ ಎಸೆದ ಹೂವು

ಸಾನಪಾಡಾದ ಆ ವಸತಿ ಸೊಸೈಟಿಯಲ್ಲಿ ಕಸದ ಮಾತೆದ್ದರೆ ಗುರುಪಾದಪ್ಪನ ಹೆಸರು ಬರಲೇಬೇಕು. ಮಸ್ಜಿದ್ ಬಂದರಿನ ಮಸಾಲೆ ಪೇಟೆಯಲ್ಲಿ ಗುಮಾಸ್ತನಾಗಿದ್ದ ಈ ವಿಜಯಪುರದ ಮನುಷ್ಯ ಹಸಿ ಕಸಕ್ಕೊಂದು, ಒಣ ಕಸಕ್ಕೊಂದು ಬಕೆಟ್ ಇಡಿಸಿದ. ಟೆರೇಸಿನಲ್ಲಿ ಗೊಬ್ಬರದ ಡ್ರಮ್ ಕೂರಿಸಿದ. ಮೀನು ತರುವವರ ಕೈಗೂ ಪ್ಲಾಸ್ಟಿಕ್ ಚೀಲದ ಬದಲು ಸ್ಟೀಲ್ ಡಬ್ಬಿ ಹಿಡಿಸಿದ. ಒಳ್ಳೆಯ ಕೆಲಸವೇ. ಮಾಡುವ ರೀತಿ ಮಾತ್ರ ಪೊಲೀಸನದು. ಎರಡನೇ ಮಹಡಿಯ ಪ್ರಭಾ, ಉಡುಪಿಯ ಕಡೆಯವಳು, ಒಮ್ಮೆ ಹಸಿ ಬಕೆಟ್ಟಿಗೆ ಹಾಲಿನ ಪ್ಯಾಕೆಟ್ ಹಾಕಿದ್ದಕ್ಕೆ ಫೋಟೋ ತೆಗೆದು, ಮನೆ ನಂಬರ್ ಸಮೇತ ವಾಟ್ಸಾಪ್ ಗ್ರೂಪಿಗೆ ಹಾಕಿದ್ದ. ಆಕೆಯ ಗಂಡ ಆಸ್ಪತ್ರೆಯಲ್ಲಿದ್ದ ವಾರ ಅದು. ಗೊತ್ತಿದ್ದೂ ಹಾಕಿದ್ದ.

ಒಂದು ಕಸ ಮಾತ್ರ ಅವನ ಪಾಲಿಗೆ ಕಸವೇ ಅಲ್ಲ. ದಿನವೂ ಲಿಂಗಪೂಜೆಗೆ ಏರಿಸಿದ ಹೂವು, ಬಿಲ್ವಪತ್ರೆ. ಉಳ್ಳಾಗಡ್ಡಿ ಸಿಪ್ಪೆಯ ಜೊತೆ ಶಿವನ ಹೂವು ಕೊಳೆಯಬಾರದು. ಹೆಂಡತಿ ನೀಲಗಂಗಾ ಅದನ್ನು ಹಳೆಯ ಕ್ಯಾಲೆಂಡರ್ ಹಾಳೆಯಲ್ಲಿ ಸುತ್ತಿಡುವಳು. ಬಿಚ್ಚಿ ಎಸೆದರೆ ಗಾಳಿಗೆ ಜನರ ಮುಖಕ್ಕೆ ಬಡಿಯುತ್ತದೆಂದು ಅವನು ಪ್ಲಾಸ್ಟಿಕ್ ಚೀಲಕ್ಕೆ ತುರುಕಿ ಗಂಟು ಬಿಗಿಯುವನು. ಪ್ರತಿ ಸೋಮವಾರ ಕೆಲಸಕ್ಕೆ ಹೋಗುವಾಗ ಲೋಕಲ್ ರೈಲು ವಾಶಿ ಸೇತುವೆ ಹತ್ತಿದೊಡನೆ, ಬಾಗಿಲಿಂದ ಕೆಳಗಿನ ಖಾಡಿಗೆ, ಊರೊಳಗೆ ಚಾಚಿದ ಆ ಕಡಲ ನೀರಿಗೆ, ಬೀಸಿ ಒಗೆದು ಕೈಮುಗಿಯುವನು.

ಹೋದ ಭಾನುವಾರ ಸೊಸೈಟಿಯವರು ಖಾಡಿಯ ದಂಡೆ ಶುಚಿ ಮಾಡಲು ಹೋದರು. ಎಲ್ಲರನ್ನೂ ಎಬ್ಬಿಸಿ ಹೊರಡಿಸಿದವನು ಗುರುಪಾದಪ್ಪನೇ. ನೀರಿಳಿದ ಹೊತ್ತು, ಉಪ್ಪುನೀರಲ್ಲಿ ಬೆಳೆಯುವ ಕಾಂಡ್ಲಾ ಗಿಡಗಳ ಬೇರಿನ ತುಂಬ, ಸೇತುವೆಯ ಮೇಲೆ ಹೋಗುವ ರೈಲುಗಳಿಂದ ಜನ ಎಸೆದ ಗಂಟು ಬಿಗಿದ ಚೀಲಗಳು. ಪ್ರಭಾಳ ಮಗಳು ಶಿವಾನಿ ಒಂದನ್ನು ಹರಿದಳು. ಕಪ್ಪಾದ ಹೂವು, ನಾತ, ನಡುವೆ ಒದ್ದೆ ಹಾಳೆ.

“ಅಂಕಲ್, ಯೇ ಕನ್ನಡ ಹೈ ನಾ? ಕ್ಯಾ ಲಿಖಾ ಹೈ?” ಹಾಳೆಯಲ್ಲಿ ಏನು ಬರೆದಿದೆಯೆಂದು ಕೇಳಿದಳು.

“ಯಾವುದೋ ಗುಡೀದು ಇರಬೇಕವಾ. ಒಗಿ ಅದನ್ನ,” ಎಂದ ಗುರುಪಾದಪ್ಪ.

ಕನ್ನಡ ಓದಲು ಬಾರದ ಹುಡುಗಿ ನಂಬಿದಳು. ಆದರೆ ಹಾಳೆ ತಾಯಿಯ ಕೈಗೆ ಹೋಯಿತು. ತಾರೀಕಿನ ಮಗ್ಗುಲಲ್ಲಿ ಪೆನ್ನಿನಿಂದ ಬರೆದದ್ದನ್ನು ಪ್ರಭಾ ಗಟ್ಟಿಯಾಗಿ ಓದಿದಳು: “ಪ್ರಭಾ ಅವರ ಸ್ಟೀಲ್ ಡಬ್ಬಿ ವಾಪಸ್ ಕೊಡುವುದು.”

ನೀಲಗಂಗಾಳ ದುಂಡು ಅಕ್ಷರ.

“ಡಬ್ಬಿ ಬಂದು ಮುಟ್ಟಿದೆ ಮಾರಾಯ್ರೆ,” ಎಂದಳು ಪ್ರಭಾ. “ಇದು ಹಸಿಯಾ, ಒಣವಾ? ಯಾವ ಬಕೆಟ್ಟಿಗೆ ಹಾಕ್ಲಿ? ಫೋಟೋ ತೆಗೀಬೇಕಾ?”

ಸುತ್ತಲಿದ್ದವರು ನಕ್ಕರು. ಗುರುಪಾದಪ್ಪನ ಬಾಯಿ ತಾನಾಗಿ ಹೇಳಿಬಿಟ್ಟಿತು: “ನಮ್ಮಾಕಿ ಕಟ್ಟಿ ಕೊಡ್ತಾಳ್ರೀ. ಹೆಣ್ಮಕ್ಕಳು, ಎಷ್ಟ ಹೇಳಿದ್ರೂ ಕೇಳಂಗಿಲ್ಲ.”

“ಓಹೋ. ನೀಲಗಂಗಕ್ಕ ದಿನಾ ರೈಲಲ್ಲಿ ಹೋಗುದು ನಂಗೆ ಗೊತ್ತೇ ಇರ್ಲಿಲ್ಲ,” ಎಂದು ಪ್ರಭಾ ಚೀಲವನ್ನು ಅವನ ಕೈಗೇ ಕೊಟ್ಟು ನಡೆದಳು.

ಚೀಲ ಸಿಕ್ಕಿದ್ದಕ್ಕಿಂತ ಬಾಯಿಂದ ಬಂದ ಆ ಮಾತು ಅವನನ್ನು ಕೊರೆಯಿತು. ಮೊಣಕಾಲು ನೋವೆಂದು ಮನೆಯಲ್ಲೇ ಉಳಿದಿದ್ದ ನೀಲಗಂಗಾ ಮಧ್ಯಾಹ್ನ ರೊಟ್ಟಿ ಬಡಿಸಿದಳು. ಅವನು ನಡೆದದ್ದೆಲ್ಲ ಹೇಳಿ, “ತಪ್ಪು ನಿನ್ನ ಮ್ಯಾಲೆ ಹಾಕಿ ಬಂದೆ,” ಎಂದ.

ಅವಳು ರೊಟ್ಟಿ ಬುಟ್ಟಿ ಮುಚ್ಚಿಟ್ಟಳು. “ಹೂವು ತುಳಸಿ ಕುಂಡ್ಯಾಗ ಹಾಕೂಣು ಅಂತ ನಾ ಎಷ್ಟ ಸಲ ಅಂದೀನಿ? ಆಗ ಏನಂದ್ರಿ? ‘ನಿನಗ ಶಾಸ್ತ್ರ ಗೊತ್ತಿಲ್ಲ.’”

ಅವನು ಫೋನಿಗೆ ಕೈ ಹಾಕಿದ. “ಗ್ರೂಪಿನ್ಯಾಗ ಬರೀತೀನಿ, ತಪ್ಪು ನಂದೇ ಅಂತ.”

“ಗ್ರೂಪ್ ಆಮ್ಯಾಲೆ. ಮೊದಲ ಆ ಹೆಣ್ಮಗಳ ಮಾರಿ ನೋಡಿ ಹೇಳ್ರಿ. ಆಕಿ ಗಂಡ ದವಾಖಾನ್ಯಾಗ ಇದ್ದಾಗ ಹಾಕಿದ್ರಲ್ಲ, ಆ ಹಾಲಿನ ಪ್ಯಾಕೀಟಿಂದೂ ಹೇಳ್ರಿ.”

ಕೈ ತೊಳೆದು ಎರಡನೇ ಮಹಡಿಗೆ ಇಳಿದ. ಬೆಲ್ ಒತ್ತಿದ. ಬಾಗಿಲು ತೆರೆದ ಶಿವಾನಿ ಒಳಗೆ ಕೂಗಿದಳು: “ಮಮ್ಮೀ, ಕಚರಾ ಅಂಕಲ್ ಆಯೇ ಹೈ!”

ಕಸದ ಅಂಕಲ್. ಆ ಮನೆಯಲ್ಲಿ ಅವನಿಗಿದ್ದ ಹೆಸರು ಅದು. ಕೇಳಿಯೂ ತಿರುಗಿ ಹೋಗಲಿಲ್ಲ. ಚಪ್ಪಲಿ ಬಿಟ್ಟು, ತಲೆ ತಗ್ಗಿಸಿ ಒಳಗೆ ಕಾಲಿಟ್ಟ.