ಕ್ಲಾರಿನೆಟ್ಟಿಗೆ ಅಂಟಿದ ರಕ್ತ

ಲವಂಗದ ಎಣ್ಣೆಯ ವಾಸನೆ ಎಲ್ಲಿಂದ ಬಂದರೂ ನನಗೆ ಇಳಕಲ್ಲಿನ ನಮ್ಮ ಮನೆಯ ಪಡಸಾಲೆ ನೆನಪಾಗುತ್ತದೆ. ಮೂಗಿನ ತುದಿಯಲ್ಲಿ ಬಹಳ ಹೊತ್ತು ನಿಲ್ಲುವ ಆ ಖಾರದ ಹಿಂದೆಯೇ ಗೋಡೆಗೆ ತೂಗುಹಾಕಿದ ಡೋಲುಗಳ ಚರ್ಮದ ವಾಸನೆ ಬರುತ್ತದೆ, ಹಗ್ಗದ ಮೇಲೆ ಒಣಗುವ ಕೆಂಪು ಕೋಟುಗಳು ಬರುತ್ತವೆ, ನೆರೆಮನೆಯ ಮಗ್ಗದ ಸದ್ದು ಬರುತ್ತದೆ. ನಮ್ಮದು ಮದುವೆ ಬ್ಯಾಂಡಿನವರ ಮನೆ. ಅಪ್ಪನ ತಮ್ಮ ಮಲ್ಲೇಶಿ ಕಾಕಾ ಕ್ಲಾರಿನೆಟ್ ಊದುತ್ತಿದ್ದ, ಅವನ ಜೀವದ ಗೆಳೆಯ ಈರಣ್ಣ ಟ್ರಂಪೆಟ್ ಊದುತ್ತಿದ್ದ. ಹುನಗುಂದವಿರಲಿ, ಬಾದಾಮಿಯಿರಲಿ, ಮೆರವಣಿಗೆಯ ಮುಂದೆ ಅವರಿಬ್ಬರೂ ಭುಜಕ್ಕೆ ಭುಜ ತಾಗಿಸಿ ನಡೆಯುವುದನ್ನು ನೋಡುವುದೇ ಒಂದು ಸುಖವಾಗಿತ್ತು. ನಿಮ್ಮ ಓಣಿಯಲ್ಲೂ ಅಂಥ ಜೋಡಿ ಇದ್ದಿರಬಹುದು. ಒಬ್ಬನ ಹೆಸರು ಹೇಳಿದರೆ ಇನ್ನೊಬ್ಬನದು ತಾನಾಗಿ ಬಾಯಿಗೆ ಬರುವಂಥದ್ದು.

ಕಾಕಾ ಬೆಳಿಗ್ಗೆ ಎದ್ದೊಡನೆ ಸುಟ್ಟ ತಂಬಾಕಿನ ಕಪ್ಪು ಪುಡಿಯನ್ನು, ನಾವು ಮಿಶ್ರಿ ಎನ್ನುತ್ತಿದ್ದೆವು, ಬೆರಳಿಗೆ ಹಚ್ಚಿಕೊಂಡು ಹಲ್ಲು ತಿಕ್ಕುತ್ತಿದ್ದ. ಉಗುಳಿದಾಗ ನೀರು ಕೆಂಪಾಗಿರುತ್ತಿತ್ತು. "ಉಷ್ಣಾ ಆಗೇತಿ" ಎಂದು ಬಾಯಿ ಒರೆಸಿಕೊಳ್ಳುತ್ತಿದ್ದ. ಅದರ ಬಗ್ಗೆ ಮನೆಯಲ್ಲಿ ಯಾರಿಗೂ ಎಳ್ಳಷ್ಟೂ ಸಂಶಯವಿರಲಿಲ್ಲ. ಸಂಶಯ ಬೇರೆ ಕಡೆಯಿಂದ ಒಳಗೆ ಬಂತು. ಕ್ಲಾರಿನೆಟ್ಟಿನ ಬಾಯಿಗೆ ಕಟ್ಟುವ ತೆಳ್ಳನೆಯ ರೀಡುಗಳನ್ನು ಈರಣ್ಣ ಬಾಗಲಕೋಟೆಯಿಂದ ತಂದುಕೊಟ್ಟಿದ್ದ. ಅವನ್ನು ಕಟ್ಟಿದ ಮೇಲೆ ಸ್ವರ ಒಡೆಯತೊಡಗಿತು. ಒಂದು ಬೆಳಿಗ್ಗೆ ಕಾಕಾ ರೀಡನ್ನು ಬೆಳಕಿಗೆ ಹಿಡಿದು ನೋಡಿದ. ಅಂಚಿನಲ್ಲಿ ರಕ್ತ ಅಂಟಿತ್ತು.

"ಇದಕ್ಕ ಏನರ ಹಚ್ಯಾನ ಅಂವ" ಎಂದ.

"ಯಾರು?" ಎಂದಳು ಕಾಕು, ಅವನ ಹೆಂಡತಿ.

"ಮತ್ತ್ಯಾರು? ಮುಂದ ತಾ ಒಬ್ಬನ ನಿಂದ್ರಬೇಕಂತ ಆಸೆ ಐತಿ ಈರಣ್ಣಗ."

ಅಂದಿನಿಂದ ಊದುವ ಹೊತ್ತು ಬಿಟ್ಟರೆ ಕ್ಲಾರಿನೆಟ್ ಕಪಾಟಿನೊಳಗೇ ಇರತೊಡಗಿತು, ಕೀಲಿ ಕಾಕಾನ ಉಡದಾರಕ್ಕೆ ಬಂತು. ಈರಣ್ಣನ ಮನೆಯ ಚಹಾ ನಿಂತಿತು. ಕಾಕಾನ ಬಾಯಿಂದ ಒಂದು ಬಗೆಯ ಹುಳಿತ ವಾಸನೆ ಬರುತ್ತಿತ್ತು; ನಾವು ಮುಖ ತಿರುಗಿಸಿದರೆ ನಮ್ಮ ಮೇಲೂ ಅವನ ಕಣ್ಣು ಕಿರಿದಾಗುತ್ತಿತ್ತು. ಖಡಕ್ ರೊಟ್ಟಿ ಅಗಿಯಲಾಗದೆ ತಾಟನ್ನು ದೂರ ತಳ್ಳಿ, "ಹಿಟ್ಟಿನ್ಯಾಗ ಏನ್ ಕಲಸೀ?" ಎಂದು ಕಾಕುವನ್ನೇ ಕೇಳಿದ. ಆಕೆ ಅದೇ ರೊಟ್ಟಿಯ ತುಣುಕನ್ನು ಅವನೆದುರಿಗೇ ತಿಂದು ತೋರಿಸಿದಳು. ಕಣ್ಣು ತುಂಬಿದ್ದವು, ಆದರೆ ಅಗಿಯುವುದನ್ನು ನಿಲ್ಲಿಸಲಿಲ್ಲ. ನೋವಿಗೆ ಲವಂಗದೆಣ್ಣೆಯ ಅರಳೆ ಒತ್ತಿಕೊಂಡು ಕೂತ ಕಾಕಾ, ಬಾಗಿಲಲ್ಲಿ ನೆರಳು ಸುಳಿದರೂ ತಲೆ ಎತ್ತಿ ನೋಡುತ್ತಿದ್ದ. ಪಡಸಾಲೆಯಲ್ಲಿ ನಾವು ಮಕ್ಕಳು ಪಿಸುಗುಟ್ಟುವುದನ್ನೂ ಬಿಟ್ಟೆವು.

ಹುನಗುಂದದ ಒಂದು ಮದುವೆಯಲ್ಲಿ ಆ ಸಂಶಯ ಕಟ್ಟೆಯೊಡೆಯಿತು. ಮನೆಮಂದಿಯೆಲ್ಲ ಹೋಗಿದ್ದೆವು. ಮದುಮಗನ ಮುಂದೆಯೇ ಕ್ಲಾರಿನೆಟ್ ಕೀರಲು ದನಿ ತೆಗೆದು ನಿಂತುಬಿಟ್ಟಿತು. ಜನ ನಕ್ಕರು. ಕಾಕಾ ತಿರುಗಿ ಈರಣ್ಣನ ಕೋಟಿನ ಕೊರಳಪಟ್ಟಿ ಹಿಡಿದ. "ನನ್ನ ಅನ್ನಕ್ಕ ಮಣ್ಣ ಹಾಕಿದ್ಯಲ್ಲಲೇ! ರೀಡಿಗೆ ಏನ್ ಹಚ್ಚಿದಿ, ಬೊಗಳು!"

ಈರಣ್ಣ ಕೈ ಬಿಡಿಸಿಕೊಳ್ಳಲಿಲ್ಲ. ಕಾಕಾನ ಬಾಯನ್ನೇ ನೋಡುತ್ತಿದ್ದ. "ಮಲ್ಲೇಶಿ, ಮನಿಗೆ ಹೋಗಿ ಕನ್ನಡಿ ನೋಡ್ಕೋ. ನಿನ್ನ ಮುಂದಿನ ಹಲ್ಲು ಅಳ್ಳಾಡಾಕ ಹತ್ಯಾವು" ಎಂದ. ಆಮೇಲೆ ಮೆಲ್ಲಗೆ ಕೊರಳಪಟ್ಟಿ ಸರಿಪಡಿಸಿಕೊಂಡು, ಬಸ್‌ಸ್ಟ್ಯಾಂಡಿನ ಕಡೆ ನಡೆದುಹೋದ.

ಕಾಕು ಮರುದಿನವೇ ಕಾಕಾನನ್ನು ಬಾಗಲಕೋಟೆಯ ಹಲ್ಲಿನ ದವಾಖಾನೆಗೆ ಕರೆದೊಯ್ದಳು. ಹಟ ಮಾಡಿ ನಾನೂ ಹೋಗಿದ್ದೆ. ಡಾಕ್ಟರಮ್ಮ ಬಹಳ ಹೊತ್ತು ನೋಡಿದರು. "ಹಲ್ಲು ಗಟ್ಟಿ ಅದಾವ್ರಿ. ಅವು ನಿಂತ ವಸಡು, ಎಲುಬು ಕರಗ್ಯಾವು. ರಕ್ತ ಬರಾಕ ಹತ್ತಿ ಎಷ್ಟ ದಿನಾ ಆತ್ರಿ?"

ಕಾಕು ನನ್ನ ಕಡೆ ಕೈ ತೋರಿಸಿದಳು. "ಈಕಿ ಹುಟ್ಟೂಕಿಂತ ಮೊದಲಿಂದ ಐತ್ರಿ."

"ಆಗ ಬಂದಿದ್ರ ಸ್ವಚ್ಛ ಮಾಡಿ ಕಳಸ್ತಿದ್ವಿ. ಮಿಶ್ರಿ ಬಿಟ್ಟು ಎರಡೂ ಹೊತ್ತು ಬ್ರಶ್ ಮಾಡಿದ್ರ ಇಲ್ಲೀತನಕ ಬರ್ತಿರಲಿಲ್ರಿ."

ಹೊರಗೆ ಬಂದ ಕಾಕಾ, "ಕಟ್ಟಿಸೂ ಹಲ್ಲು ಮಾರಾಕ ಹೇಳ್ತಾಳ ಅಕಿ" ಎಂದು ಗೊಣಗಿದ. ಮತ್ತೆ ಅಲ್ಲಿಗೆ ಹೋಗಲಿಲ್ಲ. ಆ ಮಳೆಗಾಲ ಮುಗಿಯುವುದರೊಳಗೆ ಮೇಲಿನ ಮುಂದಿನ ಹಲ್ಲುಗಳೆಲ್ಲ ಒಂದೊಂದಾಗಿ ಉದುರಿದವು. ಕ್ಲಾರಿನೆಟ್ಟಿನ ಬಾಯಿಯನ್ನು ಕಚ್ಚಿ ಹಿಡಿಯಲು ಹಲ್ಲೇ ಇರಲಿಲ್ಲ. ಕೊನೆಗೆ ಕಟ್ಟಿಸಿದ ಹಲ್ಲು ಬಂದವು. ಅನ್ನಕ್ಕೆ ಸಾಕಾದವು, ಸ್ವರಕ್ಕೆ ಸಾಲಲಿಲ್ಲ. ಕಾಕಾ ಮಿಶ್ರಿಯ ಡಬ್ಬಿಯನ್ನು ತಾನೇ ತಿಪ್ಪೆಗೆ ಎಸೆದು ಬಂದ. ರಾತ್ರಿ ಊಟವಾದ ಮೇಲೆ ನಮ್ಮನ್ನು ಸಾಲಾಗಿ ಕೂರಿಸಿ, ಬ್ಯಾಟರಿ ಬಿಟ್ಟು ಒಬ್ಬೊಬ್ಬರ ಬಾಯೊಳಗೂ ಇಣುಕುತ್ತಿದ್ದ. "ತಿಕ್ಕೀಯೇನು? ಖರೆ ಹೇಳು" ಎನ್ನುವಾಗ ಅವನ ಕಣ್ಣಲ್ಲಿ ಅದೇ ಹಳೆಯ ಅಪನಂಬಿಕೆ.

ಒಂದು ದಿನ ಕಾಕಾ ಈರಣ್ಣನ ಮನೆಗೆ ಹೋದ. ಏನಾಯಿತೆಂದು ಕಾಕು ಆಮೇಲೆ ಹೇಳಿದಳು. ಈರಣ್ಣ ಕೂರಿಸಿದ, ಚಹಾ ಕೊಟ್ಟ. "ನಿನ್ನ ಮ್ಯಾಲ ಸಿಟ್ಟಿಲ್ಲೋ. ಆದ್ರ ಮತ್ತ ನಿನ್ನ ಬಾಜೂಕ ನಿಂತ್ರ, ಇಂವ ಈಗ ಏನ್ ತಿಳ್ಕೊಂಡಾನೋ ಅಂತ ನಂಗ ಅನಸ್ತೈತಿ" ಎಂದನಂತೆ. ಕಾಕಾ ಚಹಾ ಮುಗಿಸಿ ಎದ್ದು ಬಂದನಂತೆ. ಬ್ಯಾಂಡು ಒಡೆಯಿತು, ಅಣ್ಣತಮ್ಮಂದಿರು ಬೇರೆಯಾದರು, ಮನೆ ಪಾಲಾಯಿತು. ಪಡಸಾಲೆಯಿದ್ದ ಜಾಗದಲ್ಲಿ ಈಗ ಮೊಬೈಲ್ ಅಂಗಡಿಯಿದೆ.

ಹೋದ ವರ್ಷ ಕಾಕಾ ತೀರಿಕೊಂಡ. ಈರಣ್ಣ ಬಂದ, ಮುದುಕನಾಗಿದ್ದ, ಟ್ರಂಪೆಟ್ ಬಗಲಲ್ಲಿತ್ತು. ಅಪ್ಪ ಹೋಗಿ ಅವನ ಕೈ ಹಿಡಿದು, "ಊದಪಾ, ಒಂದ ಹಾಡು" ಎಂದ. ಈರಣ್ಣ ಅದನ್ನು ತುಟಿಯವರೆಗೂ ಎತ್ತಿದ, ಅಲ್ಲಿಯೇ ಹಿಡಿದುಕೊಂಡು ನಿಂತ.

"ಹಾಡು ಯಾವಾಗ್ಲೂ ಅಂವನ ಮೊದಲ ಎತ್ತತಿದ್ದ" ಎಂದ. "ನಾ ಹಿಂದಿಂದ ಸೇರ್ಕೊತಿದ್ದೆ. ನನಗ ಮೊದಲ ಎತ್ತಾಕ ಬರಾಂಗಿಲ್ರಿ."

ಆ ಮಧ್ಯಾಹ್ನ ಇಳಕಲ್ಲಿನ ಓಣಿಗಳಲ್ಲಿ ಬ್ಯಾಂಡಿನವನ ಹೆಣ ವಾದ್ಯವಿಲ್ಲದೆ ಹೋಯಿತು. ಈರಣ್ಣ ಎಲ್ಲರಿಗಿಂತ ಮುಂದೆ, ತನ್ನ ಎಡಕ್ಕೆ ಒಬ್ಬನಿಗೆ ಆಗುವಷ್ಟು ಜಾಗ ಬಿಟ್ಟು ನಡೆಯುತ್ತಿದ್ದ.